ಎರಡನೇ ಸೌಟು

ನಮ್ಮಜ್ಜಿಯ ಅಜ್ಜಿ ಹುಟ್ಟುವುದಕ್ಕೂ ಮುಂಚೆ, ಮೂರು ದೇಶಗಳ ಈಚೆಗೆ, ಕೇದಗೆಪುರ ಅಂತ ಒಂದು ರಾಜ್ಯವಿತ್ತು. ಆಗ ಪ್ರಾಣಿಗಳೂ ಮಾತಾಡುತ್ತಿದ್ದವು. ಒಂದು ದೇಶದವರ ಮಾತು ಇನ್ನೊಂದು ದೇಶದವರಿಗೆ ಸಲೀಸಾಗಿ ತಿಳಿಯುತ್ತಿತ್ತು. ತಿಳಿಯದೆ ಇದ್ದದ್ದು ಒಬ್ಬರ ರೀತಿ ರಿವಾಜು ಇನ್ನೊಬ್ಬರಿಗೆ. ಅದರಿಂದ ಏನು ಅನಾಹುತವಾಯಿತು ಅಂತ ಹೇಳುತ್ತೇನೆ, ಕೇಳಿ.

ಕೇದಗೆಪುರದವರು ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಒಂದು ಜಂಬ. ಬಂದವರನ್ನು ಉಪಚರಿಸುವುದು ಅಂದರೆ ತಾವೇ, ಉಳಿದ ದೇಶದವರಿಗೆ ಅದರ ಗಂಧಗಾಳಿಯೂ ಇಲ್ಲ ಅಂತ ಅವರ ನಂಬಿಕೆ. ಅತಿಥಿಯ ಎಲೆ ಖಾಲಿ ಕಂಡರೆ ಬಡಿಸುವವರ ಕೈ ಸುಮ್ಮನಿರುತ್ತಿರಲಿಲ್ಲ. ಯಾರಾದರೂ "ಸಾಕು" ಅಂದರೆ, ಪಾಪ, ಸಂಕೋಚ ಅಂದುಕೊಂಡು ಇನ್ನೊಂದು ಸೌಟು ಸುರಿಯುತ್ತಿದ್ದರು. ನಿಜವಾಗಿ ಸಾಕಾದವರು ಎಲೆಯ ಮೇಲೆ ಬಾಗಿ ಎರಡೂ ಕೈ ಅಡ್ಡ ಹಿಡಿಯಬೇಕು. ಆ ಊರಿನ ಕೂಸಿಗೂ ಇದು ಗೊತ್ತಿತ್ತು. ಪರವೂರಿನವರಿಗೆ ಗೊತ್ತಿರುತ್ತದೋ ಇಲ್ಲವೋ ಅಂತ ಒಬ್ಬರೂ ಯೋಚಿಸಿರಲಿಲ್ಲ.

ಅರಮನೆಯ ಊಟದ ಮನೆಯಲ್ಲಿ ಬಡಿಸುವವರ ಹಿರಿಯ ಕೇತಯ್ಯ. ಅವನ ಹೆಂಡತಿ ಜಕ್ಕಬ್ಬೆ. ಪಂಕ್ತಿಯ ತುದಿಯಲ್ಲಿ ನಿಂತು ಯಾರ ಎಲೆಯಲ್ಲಿ ಏನು ಮುಗಿಯಿತು ಅಂತ ನೋಡಿ ಹೇಳುವುದು ಅವಳ ಕೆಲಸ. ನೂರು ಎಲೆಯಿದ್ದರೂ ಅವಳ ಕಣ್ಣಿಗೆ ಒಂದೂ ತಪ್ಪುತ್ತಿರಲಿಲ್ಲ.

ಅರಸನ ಹುಟ್ಟುಹಬ್ಬದ ದಿನ ಊಟಕ್ಕೆ ಒಬ್ಬ ಹೊಸಬ ಬಂದ. ಬೂದಿ ಬಣ್ಣದ ನಿಲುವಂಗಿ, ಬಿದಿರಿನ ಹಾಗೆ ಸಣಕಲು ಮೈ. ಮೂರು ದೇಶಗಳ ಆಚೆಯ ಬೂದುಬೆಟ್ಟದವನಂತೆ, ಝುಂಬರ ಅಂತ ಹೆಸರಂತೆ. ಅಷ್ಟು ದೂರದಿಂದ ಬಂದವನು ಅಂತ ಅರಸ ತನ್ನ ಪಕ್ಕದಲ್ಲೇ ಎಲೆ ಹಾಕಿಸಿದ. ಕೇತಯ್ಯ ಒಂದು ಸೌಟು ಪಾಯಸ ಬಡಿಸಿದ. ಝುಂಬರ ಒಂದು ತೊಟ್ಟೂ ಬಿಡದೆ ತಿಂದ.

"ರೀ, ಅವರ ಎಲೆ ಖಾಲಿ. ಹಾಕಿ," ಅಂದಳು ಜಕ್ಕಬ್ಬೆ.

ಕೇತಯ್ಯ ಹಾಕಿದ. ಝುಂಬರ ಅವನ ಮುಖವನ್ನೇ ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ತಲೆ ತಗ್ಗಿಸಿ ತಿಂದ. ಎಲೆ ಖಾಲಿಯಾಯಿತು.

"ರೀ, ಮತ್ತೆ ಖಾಲಿ. ನಾಚಿಕೆ ಮನುಷ್ಯ ಅಂತ ಕಾಣತ್ತೆ. ಹಾಕಿ."

ಕೇತಯ್ಯ ಹಾಕಿದ, ಝುಂಬರ ತಿಂದ. ಹತ್ತು ಸೌಟಾಯಿತು, ಇಪ್ಪತ್ತಾಯಿತು. ಝುಂಬರನ ಹಣೆಯಲ್ಲಿ ಬೆವರು. ಪಂಕ್ತಿಯವರೆಲ್ಲ ಭಲೇ ಊಟಗಾರ ಅಂತ ತಲೆದೂಗಿದರು. ಅಡುಗೆಯವನಂತೂ ಒಳಗಿನಿಂದ ಓಡಿಬಂದು ನೋಡಿ ಕಣ್ಣೀರು ಹಾಕಿದ, ತನ್ನ ಪಾಯಸವನ್ನು ಇಷ್ಟು ಮೆಚ್ಚಿದವರನ್ನು ಅವನು ಕಂಡೇ ಇರಲಿಲ್ಲ. ಮೂವತ್ತೆರಡನೇ ಸೌಟು ಎಲೆಗೆ ಬಿದ್ದಾಗ ಝುಂಬರ ಧಡಕ್ಕನೆ ಎದ್ದು ನಿಂತ.

"ನನ್ನನ್ನ ಕೊಲ್ಲೋಕೆ ನೋಡ್ತೀಯಾ," ಅಂದ. "ಬಡಿಸೋನ ಕಾಲು ಕಲ್ಲಾಗಲಿ. ತಿಂಗಳಿಗೊಂದು ಗೇಣು ಕಲ್ಲು ಏರಲಿ. ಏಳನೇ ತಿಂಗಳು ಮೂಗು ಮುಚ್ಚಲಿ."

ಹಾಗಂದವನೇ ಬೂದಿ ಬಣ್ಣದ ಹೊಗೆಯಾಗಿ ಕಿಟಕಿಯಿಂದ ಹೊರಟುಹೋದ. ಕೇತಯ್ಯನ ಪಾದಗಳು ನಿಂತಲ್ಲೇ ಕಲ್ಲಾದವು. ಬಂದವನು ಮಾಂತ್ರಿಕ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಪಾಯಸ ಬಡಿಸಿದ್ದಕ್ಕೆ ಶಾಪ ಯಾಕೆ ಕೊಟ್ಟ ಅನ್ನುವುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ದುಷ್ಟ, ಇನ್ನೇನು, ಅಂತ ಮಾತಾಡಿಕೊಂಡರು.

ಅರಸ ಮಾಂತ್ರಿಕನನ್ನು ಹಿಡಿದು ತರಲು ದಳವಾಯಿ ರುದ್ರಗೊಂಡನನ್ನೂ ಇಪ್ಪತ್ತು ಸೈನಿಕರನ್ನೂ ಕಳಿಸಿದ. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಹೋದವರ ಸುದ್ದಿಯಿಲ್ಲ. ಕಲ್ಲು ಕೇತಯ್ಯನ ಮೊಣಕಾಲಿಗೆ ಬಂತು. ಜಕ್ಕಬ್ಬೆ ದಿನಾ ಬೆಳಿಗ್ಗೆ ಗಂಡನ ಪಕ್ಕ ಕೂತು ಗೇಣು ಹಾಕಿ ಅಳೆಯುತ್ತಿದ್ದಳು. ಒಂದು ಬೆಳಿಗ್ಗೆ ಅಳೆದವಳು ಎದ್ದು ಸೆರಗು ಸಿಕ್ಕಿಸಿಕೊಂಡಳು.

"ನಾನೇ ಹೋಗ್ತೀನಿ ರೀ."

"ನಿನಗೇನು ತಲೆ ಕೆಟ್ಟಿದೆಯಾ? ಕತ್ತಿ ಹಿಡಿದು ಹೋದೋರೇ ವಾಪಸ್ ಬರಲಿಲ್ಲ," ಅಂದ ಕೇತಯ್ಯ.

"ಅವರಿಗೆ ಕತ್ತಿ ಹಿಡಿಯೋಕೆ ಬರತ್ತೆ, ಕಣ್ಣಿಟ್ಟು ನೋಡೋಕೆ ಬರಲ್ಲ. ನನಗೆ ನೋಡೋಕೆ ಬರತ್ತೆ." ಅವಳು ಗಂಡನ ಕಲ್ಲಿನ ಮೊಣಕಾಲು ಸವರಿದಳು. "ಹಾಕಿ ಹಾಕಿ ಅಂದಿದ್ದು ನಾನು. ಕಲ್ಲಾಗಿದ್ದು ನೀವು. ನನಗೆ ಅನ್ನ ಇಳೀತಾ ಇಲ್ಲ ಕಣ್ರೀ."

ಕೇತಯ್ಯ ಅವಳ ಕೈ ಹಿಡಿದುಕೊಂಡ. ಆಮೇಲೆ, "ಹೋಗಿ ಬಾ. ಆದರೆ ಮೂಗಿಗೆ ಬರೋ ಮುಂಚೆ ಬಾ. ಆಮೇಲೆ ಬಂದರೆ ಬೈಯೋಕೂ ನನಗೆ ಬಾಯಿ ಇರಲ್ಲ," ಅಂದ. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಜಕ್ಕಬ್ಬೆ ನಡೆದಳು. ಬೆಟ್ಟ ಹತ್ತಿ, ಕಣಿವೆ ಇಳಿದು, ಒಂದೂವರೆ ತಿಂಗಳ ಮೇಲೆ ಮೊದಲನೇ ದೇಶಕ್ಕೆ ಬಂದಳು. ಅದು ಮರಳುನಾಡು. ಎತ್ತ ನೋಡಿದರೂ ಮರಳು, ನಡುವೆ ಒಂದು ದೊಡ್ಡ ಡೇರೆ. ಅದನ್ನು ದಾಟದೆ ಮುಂದೆ ದಾರಿಯಿಲ್ಲ. ಡೇರೆಯ ಕಾವಲಿಗೆ ಮನೆಯಷ್ಟು ಎತ್ತರದ ಒಂದು ಒಂಟೆ. ಹಲ್ಲಲ್ಲಿ ತಾಮ್ರದ ಹೂಜಿ ಕಚ್ಚಿಕೊಂಡು ಬಂದವರಿಗೆಲ್ಲ ಹುರಿದ ಬೀಜದ ಬಿಸಿ ಕಷಾಯ ಹಾಕುತ್ತಿತ್ತು.

ಒಳಗೆ ಕಾಲಿಟ್ಟರೆ ಏನು ಕಾಣಬೇಕು? ದಳವಾಯಿ ರುದ್ರಗೊಂಡನೂ ಇಪ್ಪತ್ತು ಸೈನಿಕರೂ ಸಾಲಾಗಿ ಕೂತಿದ್ದಾರೆ. ಒಬ್ಬೊಬ್ಬರ ಹೊಟ್ಟೆಯೂ ಗುಡಾಣ. ಕೈಯಲ್ಲಿ ಪುಟ್ಟ ಪುಟ್ಟ ಬಟ್ಟಲು.

"ಇದೇನು ದಳವಾಯಿಗಳೇ?"

"ಏನು ಹೇಳಲಿ ತಾಯಿ. ಎರಡು ತಿಂಗಳಿಂದ ಕುಡೀತಾ ಇದೀವಿ. ಖಾಲಿ ಮಾಡಿದರೆ ತುಂಬತ್ತೆ. ಸಾಕು ಅಂದರೆ ಸುರಿಯತ್ತೆ. ಬಟ್ಟಲಿನ ಮೇಲೆ ಕೈ ಮುಚ್ಚಿದೆ, ಕೈ ಮೇಲೇ ಸುರೀತು," ಅಂತ ದಳವಾಯಿ ಬೊಬ್ಬೆ ಎದ್ದ ಕೈ ತೋರಿಸಿದ. "ಕುಡಿದು ಮುಗಿಸದೆ ಎದ್ದರೆ ತುಳಿದು ಹಾಕತ್ತಂತೆ."

ಅಷ್ಟರಲ್ಲಿ ಜಕ್ಕಬ್ಬೆಯ ಕೈಗೂ ಬಟ್ಟಲು ಬಂತು. ಒಂದು ಸಲ ಕುಡಿದಳು, ತುಂಬಿತು. ಎರಡನೇ ಸಲ ಕುಡಿದಳು, ತುಂಬಿತು. ಬಾಯ್ತಪ್ಪಿ "ಸಾಕು" ಅಂದಳು, ಒಂಟೆ ಇನ್ನಷ್ಟು ಸುರಿಯಿತು. ಬೇಡವೆಂದರೂ ಸುರಿಯುವ ಆ ಒಂಟೆಯನ್ನು ನೋಡಿ ಅವಳಿಗೆ ತನ್ನ ಗಂಡನ ನೆನಪಾಯಿತು. ತಮ್ಮೂರಿನ ಪಂಕ್ತಿಯಲ್ಲಿ ಕೂತ ಪರವೂರಿನವರಿಗೆ ಹೇಗಾಗುತ್ತಿತ್ತು ಅನ್ನುವುದು ತನ್ನ ಕೈಗೇ ಬಟ್ಟಲು ಬಂದ ಮೇಲೆ ಗೊತ್ತಾಯಿತು.

ಅವಳು ದಳವಾಯಿಯ ಹಾಗೆ ಡೇರೆಯ ಬಟ್ಟೆಗೆ ಮುಖ ಮಾಡಿ ಕೂರಲಿಲ್ಲ. ಬಾಗಿಲ ಕಡೆ ತಿರುಗಿ, ಬಂದು ಹೋಗುವ ಮರಳುನಾಡಿನವರನ್ನೇ ನೋಡಿದಳು. ಖರ್ಜೂರ ಮಾರುವ ಒಬ್ಬ ಮುದುಕಿ ಬಂದಳು. ಮೂರು ಬಟ್ಟಲು ಕುಡಿದಳು. ಮೂರನೆಯದು ಮುಗಿದ ಮೇಲೆ ಬಾಯಿ ಬಿಡಲಿಲ್ಲ, ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಸುಮ್ಮನೆ ಅಲ್ಲಾಡಿಸಿದಳು. ಒಂಟೆ ಹೂಜಿ ಕೆಳಗಿಟ್ಟು ತಲೆ ಬಾಗಿಸಿತು.

ಜಕ್ಕಬ್ಬೆಯೂ ಮೂರನೇ ಬಟ್ಟಲು ಕುಡಿದು ಅಲ್ಲಾಡಿಸಿದಳು. ಒಂಟೆ ಅವಳಿಗೂ ತಲೆ ಬಾಗಿಸಿತು. ದಳವಾಯಿ ಅಲ್ಲಾಡಿಸಿದ, ಇಪ್ಪತ್ತು ಸೈನಿಕರೂ ಅಲ್ಲಾಡಿಸಿದರು. ಒಂಟೆ ಇಪ್ಪತ್ತೊಂದು ಸಲ ತಲೆ ಬಾಗಿಸಿ, "ಎರಡು ತಿಂಗಳು ಕುಡಿದಿರಲ್ಲಪ್ಪ, ಹೂಜಿ ಹೊತ್ತು ನನ್ನ ಕುತ್ತಿಗೆ ಬಿದ್ದುಹೋಯ್ತು," ಅಂದಿತು. ಆ ಮಾತು ಕೇಳಿಸಿಕೊಳ್ಳಲು ಸೈನಿಕರು ಅಲ್ಲಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಮರಳುದಿಬ್ಬದ ಹಿಂದಕ್ಕೆ ಓಟ ಕಿತ್ತಿದ್ದರು. ಬಹಳ ಹೊತ್ತಿನ ಮೇಲೆ, ಮುಖದಲ್ಲಿ ಕಳೆ ತುಂಬಿಕೊಂಡು ಹಿಂದಿರುಗಿದರು. ಮುಂದಕ್ಕೆ ಬರುವ ತ್ರಾಣ ಯಾರಿಗೂ ಉಳಿದಿರಲಿಲ್ಲ. ಜಕ್ಕಬ್ಬೆ ಅವರನ್ನು ಊರಿಗೆ ಕಳಿಸಿ ತಾನೊಬ್ಬಳೇ ನಡೆದಳು.

ಇನ್ನೊಂದೂವರೆ ತಿಂಗಳಿಗೆ ಎರಡನೇ ದೇಶ ಸಿಕ್ಕಿತು. ಅದು ತೋಟನಾಡು. ಗುಲಾಬಿ, ದಾಳಿಂಬೆ, ಕರಬೂಜ. ನಡುವೆ ಸಮುದ್ರದಷ್ಟು ಅಗಲದ ಹೊಳೆ. ದೋಣಿಯಿಲ್ಲ, ಸೇತುವೆಯಿಲ್ಲ. ಹೊಳೆ ದಾಟಿಸುವುದು ಗುಡ್ಡದಷ್ಟು ದೊಡ್ಡ ಒಂದು ಆಮೆ. ಅದು ದಿನಕ್ಕೆ ಒಂದೇ ಸಲ, ಸೂರ್ಯ ಹುಟ್ಟುವಾಗ ದಡಕ್ಕೆ ಬರುತ್ತಿತ್ತು.

ಜಕ್ಕಬ್ಬೆ ದಡಕ್ಕೆ ಬಂದಾಗ ಸಂಜೆಯಾಗಿತ್ತು. ನೀರಿನ ಅಂಚಿನಲ್ಲಿ ಸಾವಿರ ಕಪ್ಪೆಗಳು "ಕೊಡು ಕೊಡು" ಅಂತ ಕೂಗುತ್ತಿದ್ದವು. ಕಣ್ಣಿಟ್ಟು ನೋಡಿದರೆ ಒಂದು ಕಪ್ಪೆಯ ತಲೆಯ ಮೇಲೆ ಗುಂಡಿಯಷ್ಟು ಪೇಟ. ಇನ್ನೊಂದರ ಕಿವಿಯ ಜಾಗದಲ್ಲಿ ಓಲೆ. ಇವು ಹುಟ್ಟಿನಿಂದ ಕಪ್ಪೆಗಳಲ್ಲ ಅಂತ ಅವಳಿಗೆ ಹೊಳೆಯಿತು.

ಅಲ್ಲೇ ಪಕ್ಕದಲ್ಲಿ ಇಬ್ಬರು ತೋಟಗಾರರು ಬೇಲಿಯ ಎರಡು ಕಡೆ ನಿಂತು ಮಾತಾಡುತ್ತಿದ್ದರು. ಒಬ್ಬ ಕರಬೂಜದ ಹಣ್ಣು ಚಾಚಿದ.

"ತಗೊಳ್ಳಿ ಅಣ್ಣ."

"ಅಯ್ಯೋ ಬೇಡಪ್ಪ. ನಿಮ್ಮ ಮಕ್ಕಳಿಗಿರಲಿ."

"ಇಲ್ಲ, ನೀವು ತಗೊಳ್ಳಲೇಬೇಕು."

"ಛೆ ಛೆ, ನನಗ್ಯಾಕೆ ಇಷ್ಟು ದೊಡ್ಡ ಹಣ್ಣು."

"ನನ್ನ ಮೇಲಾಣೆ, ಹಿಡೀರಿ."

"ಅಷ್ಟು ಹೇಳಿದ ಮೇಲೆ ಆಯ್ತು," ಅಂತ ಆತ ಹಣ್ಣು ಈಸಿಕೊಂಡ. ಇಬ್ಬರ ಮುಖದಲ್ಲೂ ಸಂತೋಷ. ಜಕ್ಕಬ್ಬೆ ನೋಡುತ್ತಲೇ ಇದ್ದಳು. ಆಮೇಲೆ ಒಬ್ಬಳು ಹುಡುಗಿ ನೆರೆಮನೆಯವಳಿಗೆ ರೊಟ್ಟಿ ಕೊಟ್ಟಳು. ಅಲ್ಲೂ ಹಾಗೆಯೇ, ಎರಡು ಸಲ ಬೇಡ, ಮೂರನೇ ಸಲಕ್ಕೆ ಆಯ್ತು. ಕೊಟ್ಟ ತಕ್ಷಣ ಕೈ ಚಾಚುವುದು ಆ ನಾಡಿನಲ್ಲಿ ಹೊಟ್ಟೆಬಾಕತನ. ಹಾಗೆ ಮೊದಲ ಸಲಕ್ಕೇ ಹೂಂ ಅಂದವರೇ ಈ ಕಪ್ಪೆಗಳು ಅಂತ ಅವಳಿಗೆ ತಿಳಿಯಿತು.

ಬೆಳಿಗ್ಗೆ ಆಮೆ ದಡಕ್ಕೆ ಬಂತು. "ಬಾ ತಾಯಿ, ಬೆನ್ನ ಮೇಲೆ ಕೂತುಕೋ. ಆಚೆ ದಡಕ್ಕೆ ಬಿಡ್ತೀನಿ."

ಜಕ್ಕಬ್ಬೆಯ ಕಾಲು ತಾನಾಗಿ ಮುಂದಾಯಿತು. ಐದು ತಿಂಗಳು ಮುಗಿದಿತ್ತು. ಕಲ್ಲು ಇಷ್ಟು ಹೊತ್ತಿಗೆ ಗಂಡನ ಎದೆ ಮುಟ್ಟಿರಬೇಕು. ಒಂದು ದಿನ ತಡವಾದರೂ ಎಷ್ಟೋ ಏರುತ್ತದೆ. ಆದರೂ ಹಲ್ಲು ಕಚ್ಚಿ ಕಾಲು ಹಿಂದಕ್ಕೆಳೆದುಕೊಂಡಳು. "ಬೇಡಪ್ಪ, ನಿನಗ್ಯಾಕೆ ತೊಂದರೆ."

ಆಮೆ ಮುಳುಗಿಹೋಯಿತು. ಆ ದಿನ ಅವಳಿಗೆ ಒಂದು ವರ್ಷದ ಹಾಗಾಯಿತು. ಮಾರನೇ ಬೆಳಿಗ್ಗೆ ಮತ್ತೆ ಬಂತು. "ಬಾ ತಾಯಿ." ಅವಳು ಕಣ್ಣು ಮುಚ್ಚಿಕೊಂಡು, "ನನ್ನ ಭಾರ ನಿನಗ್ಯಾಕೆ, ಬೇಡ," ಅಂದಳು. ಆಮೆ ಮುಳುಗಿತು. ಇದು ಮತ್ತೆ ಬರದೆ ಹೋದರೆ ಗಂಡನನ್ನು ಕೈಯಾರೆ ಕೊಂದ ಹಾಗೆ ಅಂತ ಆ ಹಗಲೆಲ್ಲ ದಡದಲ್ಲಿ ಕೂತು ಅತ್ತಳು. ಅಳುವಿನ ನಡುವೆಯೇ ಪಕ್ಕದ ಕಪ್ಪೆಗಳಿಗೂ ಹೇಳಿದಳು, "ಕೊಡು ಕೊಡು ಅನ್ನಬೇಡ್ರೋ. ಎರಡು ಸಲ ಬೇಡ ಅಂತ ಹೇಳೋಕೆ ಕಲೀರಿ."

ಮೂರನೇ ಬೆಳಿಗ್ಗೆ ಆಮೆ ಬಂತು. "ನನ್ನ ಮೇಲಾಣೆ, ಹತ್ತು ತಾಯಿ."

"ಅಷ್ಟು ಹೇಳಿದ ಮೇಲೆ ಆಯ್ತಪ್ಪ," ಅಂತ ಜಕ್ಕಬ್ಬೆ ಹತ್ತಿ ಕೂತಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಡುಹೊಳೆಗೆ ಬಂದಾಗ ಹಿಂದಿನ ದಡದಲ್ಲಿ "ಬೇಡ ಬೇಡ" ಅನ್ನುವ ಕೂಗು ಕೇಳಿಸಿತು. ಆಮೇಲೆ ಸಾವಿರ ಜನ ಒಟ್ಟಿಗೆ ಸೀನಿದ ಸದ್ದು. ತಿರುಗಿ ನೋಡಿದರೆ ದಡದ ತುಂಬ ಮನುಷ್ಯರು, ಮೊಣಕಾಲು ನೀರಲ್ಲಿ ನಿಂತು ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮೂರನೇ ದೇಶ ಹಿಮನಾಡು. ಅಲ್ಲಿಗೆ ಬರುವ ಹೊತ್ತಿಗೆ ಆರೂವರೆ ತಿಂಗಳಾಗಿತ್ತು. ಕಡಿದಾದ ಬೆಟ್ಟ, ಒಬ್ಬರು ನಡೆಯುವಷ್ಟೇ ದಾರಿ, ಒಂದು ಪಕ್ಕ ಪ್ರಪಾತ. ದಾರಿಗೆ ಅಡ್ಡವಾಗಿ ನೆಲ ಮುಟ್ಟುವ ಕೂದಲಿನ ಒಂದು ಚಮರೀಮೃಗ ನಿಂತಿತ್ತು. ಜಕ್ಕಬ್ಬೆಯನ್ನು ಕಂಡದ್ದೇ ತಡ, ಅದು ಮೊಳದುದ್ದ ನಾಲಿಗೆಯನ್ನು ಹೊರಗೆ ಚಾಚಿತು.

ಮೈಯೆಲ್ಲ ಸುಸ್ತು, ಹೊಟ್ಟೆಯಲ್ಲಿ ಹಸಿವು, ಮನಸ್ಸಿನಲ್ಲಿ ಗಂಡನ ಚಿಂತೆ. ಅದರ ಮೇಲೆ ಈ ಅಣಕ. ಅವಳಿಗೆ ಎಲ್ಲಿತ್ತೋ ಸಿಟ್ಟು. "ಮಾನ ಮರ್ಯಾದೆ ಇದೆಯೇನೋ ನಿನಗೆ? ಕಷ್ಟದಲ್ಲಿರೋ ಹೆಂಗಸಿಗೆ ನಾಲಿಗೆ ತೋರಿಸ್ತೀಯಾ?" ಅಂತ ಕೈಯಲ್ಲಿದ್ದ ಕೋಲು ಎತ್ತಿದಳು.

ಚಮರೀಮೃಗ ನಾಲಿಗೆ ಒಳಗೆಳೆದುಕೊಂಡು ಕೊಂಬು ತಗ್ಗಿಸಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕಾಲಡಿಯ ಕಲ್ಲೊಂದು ಕಳಚಿ ಪ್ರಪಾತಕ್ಕೆ ಬಿತ್ತು. ಅದು ತಳ ಮುಟ್ಟಿದ ಸದ್ದು ಎಷ್ಟು ಹೊತ್ತಾದರೂ ಕೇಳಿಸಲಿಲ್ಲ. ಆಗ ಅವಳಿಗೆ ಬುದ್ಧಿ ಬಂತು. ಮರಳುನಾಡಿನಲ್ಲಿ ನೋಡಿದೆ, ತೋಟನಾಡಿನಲ್ಲಿ ನೋಡಿದೆ, ಇಲ್ಲಿ ನೋಡುವ ಮೊದಲೇ ಬಾಯಿ ಬಿಟ್ಟೆನಲ್ಲ ಅಂತ ತನಗೆ ತಾನೇ ಬೈದುಕೊಂಡಳು. ಕೋಲು ಕೆಳಗೆ ಹಾಕಿ ಬಂಡೆಗೆ ಒರಗಿ ಮಿಸುಕದೆ ನಿಂತಳು.

ಸ್ವಲ್ಪ ಹೊತ್ತಿಗೆ ಒಬ್ಬ ಕುರಿಕಾಯುವ ತಾತ ಬಂದ. ಚಮರೀಮೃಗಕ್ಕೆ ನಾಲಿಗೆ ಚಾಚಿದ. ಅದೂ ಚಾಚಿತು. ಆಮೇಲೆ ತಾತ ಜಕ್ಕಬ್ಬೆಯ ಕಡೆ ತಿರುಗಿ, ದೇವರ ಮುಂದೆ ನಿಂತವನಷ್ಟು ಭಕ್ತಿಯಿಂದ, ಅವಳಿಗೂ ನಾಲಿಗೆ ಚಾಚಿದ.

"ಯಾಕೆ ತಾತ ಹೀಗೆ ಮಾಡ್ತೀರಿ?"

"ನಮಸ್ಕಾರ ಮಾಡಿದೆ ಕಣಮ್ಮ. ಕೆಟ್ಟದ್ದು ಮಾಡೋರ ನಾಲಿಗೆ ಕಪ್ಪಗಿರತ್ತೆ. ನನ್ನದು ಕೆಂಪಗಿದೆ, ಹೆದರಬೇಡ ಅಂತ ಎದುರು ಸಿಕ್ಕೋರಿಗೆ ತೋರಿಸ್ತೀವಿ. ನಿಮ್ಮ ಕಡೆ ತೋರಿಸಲ್ವಾ? ಮತ್ತೆ ಹೇಗೆ ಒಬ್ಬರನ್ನೊಬ್ಬರು ನಂಬ್ತೀರಿ?"

ಜಕ್ಕಬ್ಬೆ ಚಮರೀಮೃಗದ ಎದುರು ನಿಂತು, ಹುಟ್ಟಿದಾಗಿನಿಂದ ಯಾರ ಮುಂದೆಯೂ ಮಾಡದ್ದನ್ನು ಮಾಡಿದಳು. ಗಂಟಲು ನೋಯುವಷ್ಟು ಉದ್ದಕ್ಕೆ ನಾಲಿಗೆ ಚಾಚಿದಳು. ಮೃಗ ಬಗ್ಗಿ ನೋಡಿತು. "ಕೆಂಪಗಿದೆ. ಹೋಗು. ಝುಂಬರನ ಮನೆಗೆ ತಾನೇ? ಅವನ ನಾಲಿಗೆಯೂ ಕೆಂಪಗೇ ಇದೆ. ಆರೇಳು ತಿಂಗಳ ಹಿಂದೆ ಎಲ್ಲಿಂದಲೋ ನಡುಗುತ್ತಾ ಬಂದ. ಆಮೇಲೆ ಬಾಗಿಲು ತೆಗೆದಿಲ್ಲ," ಅಂದಿತು.

ಈ ಮಾತು ಜಕ್ಕಬ್ಬೆಯ ತಲೆಯಲ್ಲಿ ಉಳಿಯಿತು. ಶಾಪ ಕೊಟ್ಟವನು ನಡುಗುವುದು ಯಾಕೆ?

ಬೂದುಬೆಟ್ಟದ ತುದಿಯಲ್ಲಿ ಝುಂಬರನ ಕಲ್ಲಿನ ಮನೆ. ಅವಳು ಬಾಗಿಲು ತಟ್ಟಿದಳು. ಏಳು ತಿಂಗಳು ತುಂಬಲು ಉಳಿದದ್ದು ಒಂದೇ ದಿನ. ಕಿಂಡಿಯಲ್ಲಿ ಒಂದು ಕಣ್ಣು ಕಂಡಿತು. ಜಕ್ಕಬ್ಬೆ ಮಾತಾಡುವ ಮೊದಲು ನಾಲಿಗೆ ಚಾಚಿ ತೋರಿಸಿದಳು. ತುಂಬ ಹೊತ್ತಿನ ಮೇಲೆ ಅಗಣಿ ಸರಿಯಿತು. ಝುಂಬರ ಇನ್ನೂ ಸೊರಗಿದ್ದ. ಅವಳನ್ನು ಗುರುತು ಹಿಡಿದು ಗೋಡೆಗೆ ಒತ್ತಿಕೊಂಡು ನಿಂತ.

"ನೀನು ಆ ಊರಿನವಳು. ಹಾಕಿ ಹಾಕಿ ಅಂದವಳು. ಸೈನ್ಯ ಎಲ್ಲಿ?"

"ಸೈನ್ಯ ಇಲ್ಲ. ನಾನೊಬ್ಬಳೇ. ನಡೆದು ನಡೆದು ಕಾಲು ಸತ್ತಿದೆ. ಒಳಗೆ ಬರಲಾ?"

ಬಾಗಿಲಿಗೆ ಬಂದವರಿಗೆ ಊಟ ಹಾಕದೆ ಕಳಿಸುವುದು ಬೂದುಬೆಟ್ಟದಲ್ಲೂ ಇರಲಿಲ್ಲ. ಝುಂಬರ ಮರದ ಬಟ್ಟಲಿಗೆ ಒಂದು ಸೌಟು ಗಂಜಿ ಬಡಿಸಿದ. ಜಕ್ಕಬ್ಬೆ ಎರಡು ಗುಟುಕಿಗೆ ಮುಗಿಸಿ ಕಾದಳು. ಅವನು ಸೌಟು ಮುಟ್ಟಲಿಲ್ಲ. ಪಾತ್ರೆಯಲ್ಲಿ ಗಂಜಿ ಇತ್ತು, ಅವಳಿಗೆ ಕಾಣಿಸುತ್ತಿತ್ತು. ಕೇದಗೆಪುರದಲ್ಲಿ ಒಂದೇ ಸಲ ಬಡಿಸಿ ನಿಲ್ಲಿಸುವುದು ಸತ್ತವರ ಎಡೆಗೆ ಮಾತ್ರ. ಬದುಕಿರುವವರಿಗೆ ಎರಡನೇ ಸಲ ಒಂದು ಅಗುಳಾದರೂ ಹಾಕಲೇಬೇಕು.

ಸಿಟ್ಟು ಬಾಯಿಗೆ ಬಂತು. ಆದರೆ ಚಮರೀಮೃಗದ ಎದುರು ಪಟ್ಟ ಪಾಡು ಇನ್ನೂ ಹಸಿಯಾಗಿತ್ತು. ಅವಳು ಮೆಲ್ಲಗೆ ಕೇಳಿದಳು, "ಅಣ್ಣ, ನಿಮ್ಮ ಕಡೆ ಒಂದೇ ಸಲ ಬಡಿಸೋದಾ?"

"ಮತ್ತಿನ್ನೆಷ್ಟು ಸಲ?" ಅಂದ ಝುಂಬರ. "ಎರಡನೇ ಸೌಟು ಬೀಳೋದು ಮರಣದಂಡನೆ ಆದವರಿಗೆ. ಬೆಳಿಗ್ಗೆ ಕೊಲ್ತೀವಿ, ಇವತ್ತು ಹೊಟ್ಟೆ ತುಂಬ ತಿನ್ನು ಅಂತ. ನಿಮ್ಮರಸ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಎರಡನೇ ಸೌಟು ಹಾಕಿಸಿದ. ನಾನು ಏನು ತಪ್ಪು ಮಾಡಿದ್ದೆ? ಬಡಿಸಿದ್ದನ್ನ ಬಿಟ್ಟರೆ ಅನ್ನಕ್ಕೆ ಅವಮಾನ, ಅದಕ್ಕೆ ತಿಂದೆ. ನೀವು ಮೂರನೆಯದು ಹಾಕಿದಿರಿ, ನಾಲ್ಕನೆಯದು ಹಾಕಿದಿರಿ. ಸುತ್ತ ಎಲ್ಲರೂ ನಗ್ತಾ ಇದ್ದರು. ಒಬ್ಬನನ್ನ ಎಷ್ಟು ಸಲ ಅಂತ ಕೊಲ್ತೀರಿ?"

ಜಕ್ಕಬ್ಬೆ ತಲೆಯ ಮೇಲೆ ಕೈ ಹೊತ್ತು ಕೂತಳು. ಅಳು ಬಂತು, ಅದರ ಹಿಂದೆಯೇ ನಗು ಬಂತು, ಎರಡನ್ನೂ ತಡೆಯಲಾಗಲಿಲ್ಲ. ಎಲೆ ಖಾಲಿ ಕಂಡರೆ ಹಾಕುವುದು ತಮ್ಮೂರಿನ ಪ್ರೀತಿ, ಒಂದೇ ಸಲ ಹಾಕುವುದು ಸಾವಿನ ಮನೆಯದು, ಸಾಕಾದರೆ ಕೈ ಅಡ್ಡ ಹಿಡಿಯಬೇಕು, ಅದನ್ನು ಹೇಳದೆ ಹೋದದ್ದು ತಮ್ಮ ತಪ್ಪು, ಎಲ್ಲವನ್ನೂ ಬಿಡಿಸಿ ಹೇಳಿದಳು. ಝುಂಬರ ಕೇಳುತ್ತಾ ಕೇಳುತ್ತಾ ನೆಲಕ್ಕೆ ಕುಸಿದ.

"ಕಲ್ಲು ಎಲ್ಲೀವರೆಗೆ ಬಂದಿದೆ?" ಅಂತ ಕೇಳಿದ.

"ನಾಳೆಗೆ ಮೂಗು ಮುಚ್ಚತ್ತೆ."

"ಬಿಡಿಸೋ ಮಂತ್ರ ಅಲ್ಲೇ ನಿಂತು ಹೇಳಬೇಕು. ನನಗೆ ಆ ಊಟದ ಮನೆ ನೆನೆಸಿಕೊಂಡರೆ ಈಗಲೂ ಕೈಕಾಲು ಆಡಲ್ಲ." ಆದರೂ ಅವನು ಎದ್ದ. ಅವಳ ಕೈ ಹಿಡಿದು ಹೊಗೆಯಾದ. ತಿಂಗಳುಗಟ್ಟಲೆ ನಡೆದ ದಾರಿಯನ್ನು ಹೊಗೆ ಒಂದು ಬೆಳಗಿನಲ್ಲಿ ದಾಟಿತು.

ಮಾರನೇ ದಿನ ಊಟದ ಹೊತ್ತಿಗೆ ಇಬ್ಬರೂ ಅರಮನೆಯ ಊಟದ ಮನೆಯಲ್ಲಿ ಇಳಿದರು. ಕೇತಯ್ಯನ ತುಟಿಯವರೆಗೂ ಕಲ್ಲು. ಮೂಗು, ಕಣ್ಣು ಮಾತ್ರ ಉಳಿದಿದ್ದವು. ಹೆಂಡತಿಯನ್ನು ಕಂಡು ಆ ಕಣ್ಣು ತುಂಬಿದವು. ಅಷ್ಟರಲ್ಲಿ ದಳವಾಯಿ ರುದ್ರಗೊಂಡ "ಹಿಡೀರಿ ಅವನನ್ನ" ಅಂದ. ಇಪ್ಪತ್ತು ಕತ್ತಿ ಹೊರಬಂದವು. ಝುಂಬರ ಕಣ್ಣು ಮುಚ್ಚಿ ಮಂತ್ರ ಶುರು ಮಾಡಿದ. ನಾಲಿಗೆ ತೊದಲಿತು. ಕಲ್ಲು ಕೇತಯ್ಯನ ಮೇಲ್ತುಟಿ ದಾಟಿತು. ಮತ್ತೆ ಶುರು ಮಾಡಿದ, ಮತ್ತೆ ತೊದಲಿದ. ಕಲ್ಲು ಮೂಗಿನ ಬುಡ ಮುಟ್ಟಿತು.

"ಹೆದರಿದ ನಾಲಿಗೆಗೆ ಮಂತ್ರ ನಿಲ್ಲಲ್ಲ," ಅಂದ ಅವನು, ಅಳುವ ದನಿಯಲ್ಲಿ.

ಜಕ್ಕಬ್ಬೆ ಅರಸನಿಗೆ ಅಡ್ಡಬಿದ್ದಳು. "ಮಹಾಸ್ವಾಮಿ, ಕತ್ತಿ ಹೊರಗೆ ಕಳಿಸಿ. ಇವರಿಗೆ ಎಲೆ ಹಾಕಿಸಿ. ನಾನು ಬಡಿಸ್ತೀನಿ. ಯಾರೂ ನಡುವೆ ಬರಬಾರದು."

ಕತ್ತಿಗಳು ಹೊರಗೆ ಹೋದವು. ಎಲೆ ಬಂತು. ಝುಂಬರ ಕೂತ. ಜಕ್ಕಬ್ಬೆ ಒಂದು ಸೌಟು ಪಾಯಸ ಬಡಿಸಿ ಸೌಟನ್ನು ಪಾತ್ರೆಗೆ ಹಾಕಿದಳು. ಅವನು ತಿಂದ. ಎಲೆ ಖಾಲಿಯಾಯಿತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಜಕ್ಕಬ್ಬೆ," ಅಂದ ಅರಸ, "ಗಂಡ ಈ ಸ್ಥಿತಿಯಲ್ಲಿರುವಾಗ ಅವನೆದುರೇ ಒಂದೇ ಸೌಟು ಬಡಿಸಿ ನಿಲ್ಲಿಸ್ತೀಯಾ? ಏನು ಅಪಶಕುನ ಇದು?" ಅಡುಗೆಯವನು ಕೈ ಮುಗಿದು ಬೇಡಿಕೊಂಡ. ಜಕ್ಕಬ್ಬೆ ಗಂಡನ ಕಡೆ ನೋಡಿದಳು, ನೋಡಬಾರದಿತ್ತು. ನನ್ನನ್ನು ಸತ್ತವನೆಂದು ಎಣಿಸಿಬಿಟ್ಟೆಯಾ ಅಂತ ಆ ಕಣ್ಣುಗಳು ಕೇಳುತ್ತಿದ್ದವು. ಹುಟ್ಟಿದಾಗಿನಿಂದ ಕಲಿತದ್ದೆಲ್ಲ ಹಾಕು ಹಾಕು ಅನ್ನುತ್ತಿತ್ತು. ಅವಳು ಬೆನ್ನ ಹಿಂದಿನ ಬೆರಳುಗಳನ್ನು ನೋಯುವಷ್ಟು ಹಿಸುಕಿಕೊಂಡಳು, ಕೈ ಬಿಡಿಸಲಿಲ್ಲ.

ಝುಂಬರ ಖಾಲಿ ಎಲೆ ನೋಡಿದ. ಪಾತ್ರೆ ನೋಡಿದ. ಅವಳ ಮುಖದಲ್ಲಿ ಇಳಿಯುತ್ತಿದ್ದ ಕಣ್ಣೀರು ನೋಡಿದ. ಕಾದ. ಯಾರೂ ಬಡಿಸಲಿಲ್ಲ. ಈ ಹೆಂಗಸು ಏನನ್ನು ನುಂಗಿಕೊಂಡು ನಿಂತಿದ್ದಾಳೆ ಅಂತ ಅವನಿಗೆ ಗೊತ್ತಿತ್ತು. ಅವನ ಭುಜ ಸಡಿಲವಾಯಿತು. ಏಳು ತಿಂಗಳ ಉಸಿರು ಒಮ್ಮೆಗೇ ಹೊರಗೆ ಬಂತು. ಅವನು ಎದ್ದು ಕೇತಯ್ಯನ ಎದುರು ನಿಂತು ಮಂತ್ರ ಹೇಳಿದ. ಒಂದಕ್ಷರವೂ ತೊದಲಲಿಲ್ಲ.

ಕಲ್ಲು ಒಣಗಿದ ಕೆಸರಿನ ಹಾಗೆ ಬಿರಿಯಿತು. ತುಟಿ ಬಂತು, ಕುತ್ತಿಗೆ ಬಂತು, ಎದೆ, ಸೊಂಟ, ಮೊಣಕಾಲು. ಕೇತಯ್ಯ ಕೆಮ್ಮಿ ಕೆಮ್ಮಿ ಬಾಯಿ ಒರೆಸಿಕೊಂಡ. ಅವನಿಂದ ಹೊರಟ ಮೊದಲ ಮಾತು, "ಜಕ್ಕೂ, ನಿನಗೇನಾಗಿದೆಯೇ? ಬಂದವರಿಗೆ ಒಂದೇ ಸೌಟಾ?" ಅಂತ. ಹೇಳುತ್ತಲೇ ಪಾಯಸದ ಪಾತ್ರೆಗೆ ಕೈ ಹಾಕಿದ.

ಅರಸ ಓಡಿದ, ದಳವಾಯಿ ಓಡಿದ, ಅಡುಗೆಯವನು ಓಡಿದ. ಮೂವರೂ ಸೇರಿ ಅವನ ಕೈ ಹಿಡಿದುಕೊಂಡರು. ಜಕ್ಕಬ್ಬೆ ನಡೆದದ್ದನ್ನೆಲ್ಲ ಹೇಳಿದಳು. ಕೇತಯ್ಯ ಮೂವತ್ತೆರಡು ಸೌಟನ್ನು ಬೆರಳ ಮೇಲೆ ಲೆಕ್ಕ ಹಾಕಿಕೊಂಡು, "ಅಯ್ಯೋ ಪಾಪ," ಅಂತ ಝುಂಬರನ ಕಾಲು ಹಿಡಿಯಲು ಹೋದ. ಝುಂಬರ ಅವನ ಕಾಲು ಹಿಡಿಯಲು ಬಗ್ಗಿದ. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು. ಆಗ ಮೊದಲು ನಕ್ಕವನು ಅರಸ.

"ಪಾಯಸ ಚೆನ್ನಾಗಿತ್ತು," ಅಂದ ಝುಂಬರ ಹಣೆ ಉಜ್ಜಿಕೊಳ್ಳುತ್ತಾ. "ಅವತ್ತು ರುಚಿ ಗೊತ್ತಾಗಿರಲೇ ಇಲ್ಲ."

ಅಡುಗೆಯವನು ಮತ್ತೆ ಕಣ್ಣೀರು ಹಾಕಿದ.

ಅಂದಿನಿಂದ ಕೇದಗೆಪುರದ ಊಟದ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಎಲೆ ಹಾಕಿದ ಮೇಲೆ, ಬಡಿಸುವ ಮೊದಲು, "ನಿಮ್ಮ ಕಡೆ ಹೇಗೆ?" ಅಂತ ಕೇಳುವುದು. ಮರಳುನಾಡಿನವರು ಬಂದರು, ತೋಟನಾಡಿನವರು ಬಂದರು, ಹಿಮನಾಡಿನ ತಾತ ಬಂದು ಅರಸನಿಗೇ ನಾಲಿಗೆ ಚಾಚಿದ. ಅರಸನೂ ಕಿರೀಟ ಸರಿಮಾಡಿಕೊಂಡು ಚಾಚಿದ. ಝುಂಬರನಂತೂ ವರ್ಷಕ್ಕೆರಡು ಸಲ ಬಂದು ಒಂದೊಂದೇ ಸೌಟು ತಿಂದು ಹೋಗುತ್ತಿದ್ದ.

ಅದೆಲ್ಲ ಆಮೇಲಿನ ಮಾತು. ಆ ದಿನ ಸಂಜೆ ಗಂಡ ಹೆಂಡತಿ ನಡೆದುಕೊಂಡೇ ಮನೆಗೆ ಬಂದರು. ಜಕ್ಕಬ್ಬೆ ಬಿಸಿನೀರು ಕಾಯಿಸಿ ಗಂಡನ ಕಾಲು ತೊಳೆಯಲು ಕೂತಳು. ಒಂದೊಂದು ಬೆರಳನ್ನೂ ಒತ್ತಿ ಒತ್ತಿ ನೋಡಿದಳು. ಮೆತ್ತಗಿತ್ತು, ಬೆಚ್ಚಗಿತ್ತು. ಆದರೂ ನಂಬಿಕೆ ಬರದೆ ಅಂಗಾಲಿಗೆ ಕಚಗುಳಿಯಿಟ್ಟಳು. ಕೇತಯ್ಯ ಕಿಸಕ್ಕನೆ ನಕ್ಕು ಕಾಲು ಎಳೆದುಕೊಂಡ, ನೀರೆಲ್ಲ ಅವಳ ಮೈಮೇಲೆ ಚೆಲ್ಲಿತು. ಜಕ್ಕಬ್ಬೆ ಆ ಕಾಲನ್ನು ಮತ್ತೆ ಎಳೆದು ಮಡಿಲಲ್ಲಿಟ್ಟುಕೊಂಡು, ಏಳು ತಿಂಗಳಲ್ಲಿ ಅತ್ತು ಮುಗಿಯದ ಅಳುವನ್ನೆಲ್ಲ ಅತ್ತುಬಿಟ್ಟಳು. ಕೇತಯ್ಯ ಅವಳ ತಲೆ ಸವರುತ್ತಾ ಕೂತಿದ್ದ. ಆಮೇಲೆ ಇಬ್ಬರಿಗೂ ಹಸಿವಾಯಿತು, ಒಂದೇ ಎಲೆ ಹಾಕಿಕೊಂಡು ಉಂಡರು.